ಸೇವ್ ಒತ್ತಿದ ಮೇಲೆ ಹೋದ ವಾರದ ಲೆಕ್ಕ ಎಲ್ಲಿ ಹೋಯ್ತು?

ಜನವರಿಯ ಒಂದು ಶನಿವಾರ ಸಂಜೆ ಆಲ್ದೂರು ಕಡೆಯ ಒಂದು ಕಾಫಿ ತೋಟದಿಂದ ಫೋನ್ ಬಂತು. ತೋಟದ ಲೆಕ್ಕ ಬರೆಯುವ ರೈಟರು ಮಾತಾಡಿದರು. ಹಣ್ಣು ಕೊಯ್ಲಿನ ಕಾಲ, ಬಟವಾಡೆಯ ದಿನ. ಕೆಲಸದವರು ಆಫೀಸಿನ ಮುಂದೆ ಕೂತು ಕಾಯುತ್ತಿದ್ದರು. ಹೋದ ವಾರ ಇಬ್ಬರಿಗೆ ಸ್ವಲ್ಪ ದುಡ್ಡು ಬಾಕಿ ಉಳಿದಿತ್ತಂತೆ, ಅದನ್ನು ನೋಡಬೇಕಿತ್ತು.

“ಸಾರ್, ಹೋದ ವಾರದ ಲೆಕ್ಕ ಕಾಣ್ತಾ ಇಲ್ಲ. ಫೈಲ್ ಇದೆ. ಒಳಗೆ ನೋಡಿದ್ರೆ ಎಲ್ಲಾ ಈ ವಾರದ್ದೇ.”

“ಏನು ಮಾಡಿದ್ರಿ ರೈಟ್ರೇ? ಮೊದಲಿಂದ ಹೇಳಿ” ಅಂದೆ.

ಅವರು ಮಾಡಿದ್ದು ಇಷ್ಟೇ. ಹೋದ ವಾರದ ಫೈಲ್ ತೆಗೆದರು. ಹೆಸರುಗಳು ಅವೇ ಇರುವುದರಿಂದ ಮತ್ತೆ ಟೈಪ್ ಮಾಡುವ ಕೆಲಸ ಇರಲಿಲ್ಲ. ಒಬ್ಬೊಬ್ಬರು ಕೊಯ್ದ ಹಣ್ಣಿನ ಹಳೇ ಕಿಲೋ ಅಳಿಸಿ ಈ ವಾರದ ಕಿಲೋ ತುಂಬಿದರು. ಸೇವ್ ಒತ್ತಿದರು.

“ಹೊಸ ಪುಟಕ್ಕೆ ಬರೀತಾ ಇದೀನಿ ಅಂದ್ಕೊಂಡೆ ಸಾರ್. ಪುಸ್ತಕದಲ್ಲಿ ಹಂಗೇ ಅಲ್ವಾ? ಹಿಂದಿನ ಪುಟದ ಹೆಸರು ನೋಡ್ಕೊಂಡು ಮುಂದಿನ ಪುಟ ಬರಿಯೋದು.”

ಮೂವತ್ತು ವರ್ಷ ಕೆಲಸದವರ ಹಾಜರಿ, ಕೂಲಿಯ ಪುಸ್ತಕವಾದ ಚೆಕ್‌ರೋಲ್ ಬರೆದ ಮನುಷ್ಯ ಅವರು. ಲೆಕ್ಕದಲ್ಲಿ ಒಂದು ಕಿಲೋ ಆಚೀಚೆ ಮಾಡಿದವರಲ್ಲ. ಆ ಸಾಫ್ಟ್‌ವೇರ್ ಬರೆದವನು ನಾನು, ಅದರ ಮೆನು ಜೋಡಿಸಿದವನೂ ನಾನೇ. ಚಿಕ್ಕಮಗಳೂರಿನಲ್ಲಿ ಕೂತು ತೋಟಗಳಿಗೆ ಸಣ್ಣಪುಟ್ಟ ಲೆಕ್ಕದ ಸಾಫ್ಟ್‌ವೇರ್ ಮಾಡುವುದು ನನ್ನ ಕೆಲಸ. ಆ ರಾತ್ರಿ ತೂಕದ ಚೀಟಿಗಳನ್ನೆಲ್ಲ ಮುಂದಿಟ್ಟುಕೊಂಡು ಇಬ್ಬರೂ ಹೋದ ವಾರದ ಲೆಕ್ಕ ಮತ್ತೆ ಬರೆದೆವು. ತಪ್ಪು ಅವರದ್ದಲ್ಲ ಅನ್ನುವುದು ಆಗಲೇ ನನಗೆ ಗೊತ್ತಿತ್ತು. ಆದರೆ ಯಾಕೆ ಹೀಗಾಗುತ್ತದೆ ಅಂತ ಎಲ್ಲರಿಗೂ ತಿಳಿಯುವ ಹಾಗೆ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಫೈಲಿನ ಈ ಗೊಂದಲ ಈಗ ಎಲ್ಲರ ಮನೆಯ ಮಾತೂ ಆಗಿದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾನೂನು ತಂದಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಕಾಫಿ ಯಾವ ತೋಟದ್ದು, ಆ ತೋಟ ಭೂಪಟದಲ್ಲಿ ಎಲ್ಲಿದೆ ಅನ್ನುವ ದಾಖಲೆ ಬೇಕು. ಜಾರಿಯ ದಿನ ಮುಂದಕ್ಕೆ ಹೋಗಿದೆ, ಆದರೆ ಬೆಳೆಗಾರರ ನೋಂದಣಿ ಮೊಬೈಲಿನಲ್ಲೇ ನಡೆಯುತ್ತಿದೆ. ಪಹಣಿ, ಆಧಾರ್, ಪಾಸ್‌ಬುಕ್ಕಿನ ಫೋಟೊ, ಎಲ್ಲವೂ ಈಗ ಫೈಲು. ಎರಡೆಕರೆ ತೋಟದವರೂ ‘ಫೈಲ್ ಆರಿಸಿ’ ಅನ್ನುವ ಬಟನ್ ಮುಂದೆ ಕೂರಬೇಕು.

ಕಂಪ್ಯೂಟರಿಗೆ ಎರಡು ನೆನಪು

ಫೈಲ್ ಅಂದರೆ ಹೆಸರಿಟ್ಟು ಜೋಪಾನ ಮಾಡಿದ ಮಾಹಿತಿಯ ಗಂಟು. ಪತ್ರ, ಫೋಟೊ, ಹಾಡು, ಲೆಕ್ಕದ ಹಾಳೆ, ಯಾವುದೂ ಆಗಬಹುದು. ಮೆನು ಅಂದರೆ ಆ ಗಂಟಿನ ಜೊತೆ ಏನೇನು ಮಾಡಬಹುದು ಅನ್ನುವ ಪಟ್ಟಿ. ಹೋಟೆಲಿನ ಮೆನು ಹಾಗೇ. ಅದರಲ್ಲಿ ಇಲ್ಲದ್ದನ್ನು ಕೇಳಲು ಯಾರಿಗೂ ಹೊಳೆಯುವುದಿಲ್ಲ.

ಈ ಗಂಟು ಇರುವ ಜಾಗ ಎರಡು. ಒಂದು ರ್‍ಯಾಮ್, ಇನ್ನೊಂದು ಡಿಸ್ಕ್. ಸಂಜೆ ಹಣ್ಣು ತೂಗುವ ಹೊತ್ತನ್ನು ನೆನಪಿಸಿಕೊಳ್ಳಿ. ತಕ್ಕಡಿ ಹತ್ತಿರ ನಿಂತವರು “ಮೂವತ್ತೆರಡೂವರೆ” ಅಂತ ಕೂಗುತ್ತಾರೆ. ರೈಟರು ಕೈಯಲ್ಲಿರುವ ಚೀಟಿಗೆ ಬೇಗ ಬೇಗ ಗೀಚಿಕೊಳ್ಳುತ್ತಾರೆ. ಆಮೇಲೆ ಆಫೀಸಿಗೆ ಬಂದು, ದೀಪದ ಕೆಳಗೆ ಕೂತು, ಪುಸ್ತಕಕ್ಕೆ ಏರಿಸುತ್ತಾರೆ. ಚೀಟಿಗೆ ಬರೆಯುವುದು ಬೇಗ, ಆದರೆ ಒಂದು ಮಳೆ ಬಂದರೆ ಕಥೆ ಮುಗೀತು. ಪುಸ್ತಕಕ್ಕೆ ಬರೆಯುವುದು ನಿಧಾನ, ಆದರೆ ಉಳಿಯುತ್ತದೆ.

ರ್‍ಯಾಮ್ ಆ ಚೀಟಿ. ಡಿಸ್ಕ್ ಆ ಪುಸ್ತಕ. ಕರೆಂಟ್ ಹೋದರೆ ರ್‍ಯಾಮ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಡಿಸ್ಕಿನಲ್ಲಿದ್ದದ್ದು ಹಾಗೇ ಇರುತ್ತದೆ.

ನೀವು ಒಂದು ಫೈಲ್ ತೆರೆದಾಗ ಡಿಸ್ಕಿನಲ್ಲಿರುವುದರ ಒಂದು ನಕಲು ರ್‍ಯಾಮ್‌ಗೆ ಬರುತ್ತದೆ. ಪರದೆ ಮೇಲೆ ಕಾಣುವುದು ಆ ನಕಲು. ನೀವು ತಿದ್ದುವುದು ಅದನ್ನೇ. ಸೇವ್ ಒತ್ತಿದಾಗ ಆ ನಕಲು ವಾಪಸ್ ಹೋಗಿ ಡಿಸ್ಕಿನಲ್ಲಿದ್ದ ಹಳೆಯದರ ಮೇಲೇ ಕೂರುತ್ತದೆ. ಹಳೆಯದು ಅಷ್ಟಕ್ಕೆ ಮುಗಿಯಿತು. ರೈಟರ ಹೋದ ವಾರ ಹೋಗಿದ್ದು ಹೀಗೆ.

ಪರದೆ ಮುಂದೆ ಕೂತವರಿಗೆ ಇದ್ಯಾವುದೂ ಕಾಣುವುದಿಲ್ಲ. ಅವರಿಗೆ ಕಾಣುವುದು ಒಂದೇ ಹಾಳೆ. ಬರೆದರೆ ಬರೆದ ಹಾಗೆ. ‘ಬದಲಾವಣೆಗಳನ್ನು ಉಳಿಸಬೇಕೇ?’ ಅಂತ ಕೇಳಿದಾಗ ತುಂಬಾ ಜನ ಗಾಬರಿಯಾಗುವುದು ಇದಕ್ಕೇ. ಈಗಷ್ಟೇ ಬರೆದಿದ್ದೇನಲ್ಲ, ಮತ್ತೆ ಉಳಿಸುವುದು ಅಂದರೇನು?

ಶೃಂಗೇರಿಯ ಕಡತದಲ್ಲಿ ಸೇವ್ ಇರಲಿಲ್ಲ

ಕನ್ನಡಕ್ಕೆ ತಂದ ಸಾಫ್ಟ್‌ವೇರ್‌ಗಳಲ್ಲಿ ಫೈಲ್ ಮೆನುವಿಗೆ ‘ಕಡತ’ ಅನ್ನುತ್ತಾರೆ. ಸರ್ಕಾರಿ ಕಚೇರಿಯಲ್ಲೂ ಅದೇ ಮಾತು, ‘ಕಡತ ವಿಲೇವಾರಿ’. ಆದರೆ ಕಡತ ಅಂದರೆ ಮೊದಲು ಏನಾಗಿತ್ತು ಅಂತ ತಿಳಿದರೆ ನಮ್ಮ ವಿಷಯ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಕಡತ ಒಂದು ಬಟ್ಟೆ. ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳಿಯುತ್ತಿದ್ದರು. ಒಣಗಿದ ಮೇಲೆ ಅದು ಕಪ್ಪು ಹಲಗೆಯ ಹಾಗಾಗುತ್ತಿತ್ತು. ಹಿಂದೆ ಮುಂದೆ ಮಡಿಸಿದರೆ ಪುಸ್ತಕದ ಹಾಗೆ ಕಟ್ಟಿಡಬಹುದು. ಬಳಪದಲ್ಲಿ ಬರೆಯುವುದು, ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ವ್ಯಾಪಾರಿಗಳು, ಶಾನುಭೋಗರು ಲೆಕ್ಕ ಇಟ್ಟಿದ್ದು ಇದರಲ್ಲೇ. ನಮ್ಮ ಜಿಲ್ಲೆಯ ಶೃಂಗೇರಿ ಮಠದ ಕಡತಗಳು ಇತಿಹಾಸ ಬರೆಯುವವರಿಗೆ ಇವತ್ತಿಗೂ ದೊಡ್ಡ ಆಧಾರ.

ಕಡತಕ್ಕೆ ನೆನಪು ಒಂದೇ. ಬರೆಯುವುದು, ಉಳಿಸುವುದು ಎರಡು ಬೇರೆ ಕೆಲಸ ಅಲ್ಲ. ಒರೆಸಿದರೆ ಹೋಗುತ್ತದೆ ಅಂತ ಒರೆಸುವ ಕೈಗೇ ಗೊತ್ತಾಗುತ್ತದೆ. ಹೊಸ ಲೆಕ್ಕ ಬೇಕಾದರೆ ಹೊಸ ಮಡಿಕೆಗೆ ಹೋಗಬೇಕು.

ಮನುಷ್ಯರು ಯಾವುದೇ ಸಲಕರಣೆ ಹಿಡಿದಾಗ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಮನಸ್ಸಿನಲ್ಲಿ ಒಂದು ಚಿತ್ರ ಕಟ್ಟಿಕೊಂಡಿರುತ್ತಾರೆ. ಸಾಫ್ಟ್‌ವೇರ್ ವಿನ್ಯಾಸ ಮಾಡುವವರು ಇದಕ್ಕೆ ಮೆಂಟಲ್ ಮಾಡೆಲ್ ಅನ್ನುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ ಈ ಮಾತನ್ನು ವಿನ್ಯಾಸದವರ ನಡುವೆ ಬೇರೂರಿಸಿದವರಲ್ಲಿ ಮುಖ್ಯರು. ರೈಟರ ಮನಸ್ಸಿನ ಚಿತ್ರ ಪುಸ್ತಕದ್ದು. ಯಂತ್ರದ ಒಳಗಿನ ಸತ್ಯ ಎರಡು ನೆನಪಿನದ್ದು. ಮೆನು ಇವೆರಡರ ನಡುವೆ ನಿಂತಿರುತ್ತದೆ. ಅದು ಯಾರ ಕಡೆಯಿಂದ ಮಾತಾಡುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಫೈಲ್ ಮೆನು ಬಂದ ದಾರಿ

ನಾವು ಅಂಗಡಿಗೆ ಹೋಗಿ “ಒಂದು ಜೆರಾಕ್ಸ್ ಕೊಡಿ” ಅನ್ನುತ್ತೇವಲ್ಲ, ಅದೇ ಜೆರಾಕ್ಸ್ ಕಂಪನಿ 1981ರಲ್ಲಿ ‘ಸ್ಟಾರ್’ ಅನ್ನುವ ಕಂಪ್ಯೂಟರ್ ಮಾರುಕಟ್ಟೆಗೆ ತಂದಿತು. ಪರದೆಯನ್ನೇ ಕಚೇರಿಯ ಮೇಜಿನ ಹಾಗೆ ಮಾಡಿದ್ದರು. ಮೇಜಿನ ಮೇಲೆ ಕಾಗದ, ಕಾಗದ ಇಡಲು ಫೋಲ್ಡರ್. ಪ್ರಿಂಟ್ ಬೇಕಾದರೆ ಕಾಗದದ ಚಿತ್ರವನ್ನು ಪ್ರಿಂಟರಿನ ಚಿತ್ರದ ಮೇಲೆ ಇಟ್ಟರಾಯಿತು. ಕೀಬೋರ್ಡಿನಲ್ಲೇ ಮೂವ್, ಕಾಪಿ, ಡಿಲೀಟ್ ಅಂತ ಕೀಲಿಗಳಿದ್ದವು.

1983ರಲ್ಲಿ ಆ್ಯಪಲ್ ಕಂಪನಿಯ ‘ಲಿಸಾ’ ಬಂತು. ಅದರಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. ಹೊಸ ಪತ್ರ ಬರೆಯಲು ಮೊದಲು ಸಾಫ್ಟ್‌ವೇರ್ ತೆರೆಯಬೇಕಾಗಿರಲಿಲ್ಲ. ಪರದೆ ಮೇಲೆ ಖಾಲಿ ಹಾಳೆಗಳ ಒಂದು ಪ್ಯಾಡ್ ಇರುತ್ತಿತ್ತು. ಅದರಿಂದ ಒಂದು ಹಾಳೆ ಹರಿದುಕೊಳ್ಳಬೇಕು, ಬರೆಯಬೇಕು. ಕೆಲಸ ಮುಗಿದಾಗ ಮೆನುವಿನಲ್ಲಿ ‘ಉಳಿಸಿ ಎತ್ತಿಡಿ’ ಅನ್ನುವ ಅರ್ಥದ ಮಾತಿತ್ತು. ಇನ್ನೂ ಮುಗಿದಿಲ್ಲ ಅಂದರೆ ‘ಸದ್ಯಕ್ಕೆ ಪಕ್ಕಕ್ಕಿಡಿ’ ಅನ್ನುವುದೂ ಇತ್ತು. ಮನೆಯಲ್ಲಿ ಅಮ್ಮ ಹೇಳುವ ಮಾತಿನ ಹಾಗೇ ಇದೆ ಅಲ್ವಾ!

ಲಿಸಾ ದುಬಾರಿಯಾಗಿತ್ತು, ಹೆಚ್ಚು ನಡೆಯಲಿಲ್ಲ. ಮರುವರ್ಷ 1984ರಲ್ಲಿ ಅದೇ ಕಂಪನಿಯ ಮ್ಯಾಕಿಂಟಾಷ್ ಬಂತು. ಅದರ ಮೇಲಂಚಿನಲ್ಲಿ ಫೈಲ್, ಎಡಿಟ್ ಅನ್ನುವ ಮೆನುಗಳಿದ್ದವು. 1987ರಲ್ಲಿ ಐಬಿಎಂ ಕಂಪನಿ ಎಲ್ಲ ಸಾಫ್ಟ್‌ವೇರುಗಳ ಮೆನು ಒಂದೇ ಥರ ಇರಲಿ ಅಂತ ನಿಯಮ ಬರೆಯಿತು. ವಿಂಡೋಸ್ ಕೂಡ ಅದೇ ದಾರಿ ಹಿಡಿಯಿತು. ಅಲ್ಲಿಂದ ಫೈಲ್ ಮೆನು ಎಲ್ಲರ ಪರದೆಯ ಎಡ ಮೂಲೆಯಲ್ಲಿ ಕಾಯಂ ಆಯಿತು.

ಎಲ್ಲ ಕಡೆ ಒಂದೇ ಥರ ಇದ್ದುದರಿಂದ ಲಾಭವೂ ಆಯಿತು. ಒಂದು ಕಲಿತರೆ ಹತ್ತು ಬಂದ ಹಾಗೆ. ಈ ರೂಢಿಯ ಬಲ ಎಷ್ಟು ಅಂತ ಮೈಕ್ರೋಸಾಫ್ಟ್ ಕಂಪನಿಗೂ ಗೊತ್ತಾಯಿತು. ಅವರ ‘ಆಫೀಸ್’ ಅನ್ನುವ ಸಾಫ್ಟ್‌ವೇರಿನ 2007ರ ರೂಪದಲ್ಲಿ ಫೈಲ್ ಅನ್ನುವ ಹೆಸರು ತೆಗೆದು ಮೂಲೆಯಲ್ಲಿ ಒಂದು ದುಂಡು ಬಟನ್ ಇಟ್ಟರು. ಬಹಳ ಜನ ಅದನ್ನು ಕಂಪನಿಯ ಗುರುತು ಅಂದುಕೊಂಡು ಒತ್ತಲೇ ಇಲ್ಲ. 2010ರಲ್ಲಿ ಫೈಲ್ ವಾಪಸ್ ಬಂತು.

ಸೇವ್ ಆ್ಯಸ್ ಅನ್ನುವ ಕವಲು

ರೈಟರು ಒತ್ತಬೇಕಾಗಿದ್ದದ್ದು ಸೇವ್ ಆ್ಯಸ್. ಇದು ಏನು ಮಾಡುತ್ತದೆ ಅಂತ ಹತ್ತು ವರ್ಷ ಕಂಪ್ಯೂಟರ್ ಬಳಸಿದವರನ್ನು ಕೇಳಿ. ಉತ್ತರ ತಡವರಿಸುತ್ತದೆ.

ಹೋದ ವಾರದ ಫೈಲ್ ತೆರೆದಿದ್ದೀರಿ. ಹೊಸ ಕಿಲೋ ತುಂಬಿದ್ದೀರಿ, ಇನ್ನೂ ಸೇವ್ ಒತ್ತಿಲ್ಲ. ಈಗ ಸೇವ್ ಆ್ಯಸ್ ಒತ್ತಿ ‘ಈ ವಾರ’ ಅಂತ ಹೆಸರು ಕೊಡುತ್ತೀರಿ. ಡಿಸ್ಕಿನಲ್ಲಿ ಹೋದ ವಾರ ಹಾಗೇ ಉಳಿಯುತ್ತದೆ. ಪರದೆ ಮೇಲಿರುವುದು ಈಗ ಈ ವಾರದ ಫೈಲ್. ಹಾಳೆ ಒಂದು ಚೂರೂ ಅಲುಗಾಡಿಲ್ಲ, ಆದರೆ ನೀವು ಬೇರೆ ಫೈಲಿನ ಒಳಗೆ ಇದ್ದೀರಿ. ಮೇಲಿನ ಹೆಸರಿನ ಪಟ್ಟಿ ಮಾತ್ರ ಬದಲಾಗಿರುತ್ತದೆ. ಅದನ್ನು ಯಾರು ನೋಡುತ್ತಾರೆ?

ಒಂದೇ ಬಟನ್ ಹಿಂದೆ ಎಷ್ಟು ಕೆಲಸ ಸೇರಿಕೊಂಡಿವೆ ನೋಡಿ. ನಕಲು ಮಾಡುವುದು, ಹೆಸರು ಕೊಡುವುದು, ಜಾಗ ಆರಿಸುವುದು, ಬೇಕಾದರೆ ಫೈಲಿನ ಜಾತಿಯನ್ನೇ ಬದಲಿಸುವುದು. ಜನ ಯೋಚಿಸುವಾಗ ಇವು ನಾಲ್ಕು ಬೇರೆ ಬೇರೆ ಆಸೆಗಳು. ಹೆಸರು ಬದಲಿಸಬೇಕು ಅಂತ ಸೇವ್ ಆ್ಯಸ್ ಮಾಡಿದವರಿಗೆ ಕೊನೆಗೆ ಎರಡು ಫೈಲ್ ಸಿಗುತ್ತವೆ. ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಅನ್ನುವ ಸಾಲು ಹುಟ್ಟುವುದು ಇಲ್ಲೇ.

ಸಾಫ್ಟ್‌ವೇರ್ ವಿನ್ಯಾಸಕಾರ ಅಲನ್ ಕೂಪರ್ 1990ರ ದಶಕದಲ್ಲೇ ಇದನ್ನು ಬಿಡಿಸಿ ಹೇಳಿದರು. ಬಳಸುವವರಿಗೆ ಯಂತ್ರದ ಒಳಗಿನ ಎರಡು ನೆನಪಿನ ಪಾಠ ಬೇಕಿಲ್ಲ, ಅವರ ಎದುರಿಗಿರುವುದು ಒಂದೇ ಕಾಗದ, ಮೆನುವೂ ಹಾಗೇ ಮಾತಾಡಲಿ ಅನ್ನುವುದು ಅವರ ವಾದ. ಸೇವ್ ಆ್ಯಸ್ ಬದಲು ನಕಲು ಮಾಡು, ಹೆಸರು ಬದಲಿಸು, ಬೇರೆ ಕಡೆ ಇಡು, ಮಾಡಿದ್ದನ್ನೆಲ್ಲ ಕೈಬಿಡು ಅಂತ ಬಿಡಿಬಿಡಿಯಾಗಿ ಇಡಬೇಕು ಅಂದರು.

2011ರಲ್ಲಿ ಆ್ಯಪಲ್ ತನ್ನ ಮ್ಯಾಕ್‌ಗಳಲ್ಲಿ ಹೆಚ್ಚುಕಡಿಮೆ ಇದನ್ನೇ ಮಾಡಿತು. ಕೆಲಸ ತಾನಾಗಿ ಉಳಿಯುತ್ತಿತ್ತು. ಸೇವ್ ಆ್ಯಸ್ ತೆಗೆದು ‘ಡೂಪ್ಲಿಕೇಟ್’ ಇಟ್ಟರು. ಹಳಬರಿಗೆ ಕೈಕಟ್ಟಿದ ಹಾಗಾಯಿತು, ತಕರಾರು ಬಂತು. 2012ರಲ್ಲಿ ಒಂದು ಕೀಲಿ ಒತ್ತಿ ಹಿಡಿದರೆ ಸೇವ್ ಆ್ಯಸ್ ಕಾಣುವ ಹಾಗೆ ಮಾಡಿದರು. ಇಂಟರ್ನೆಟ್ಟಿನಲ್ಲೇ ಬರೆದಿಡುವ ಗೂಗಲ್ ಡಾಕ್ಸ್‌ನಲ್ಲಿ ಸೇವ್ ಅನ್ನುವುದು ಮೆನುವಿನಲ್ಲೇ ಇಲ್ಲ.

ತಾನಾಗಿ ಉಳಿಯುವುದು ಬಂದರೆ ಎಲ್ಲ ಸರಿಹೋಯಿತೇ? ಇಲ್ಲ. ಇಲ್ಲಿ ಒಂದು ಹೊಸ ಗುಂಡಿ ಇದೆ. ಮೊದಲು ಸೇವ್ ಒತ್ತುವ ತನಕವಾದರೂ ಹಳೆಯದು ಬದುಕಿರುತ್ತಿತ್ತು. ಈಗ ಮೊದಲ ಕಿಲೋ ಅಳಿಸಿದ ಗಳಿಗೆಯಲ್ಲೇ ಹೋದ ವಾರ ಕರಗಲು ಶುರು. ಆಮೇಲೆ ನೆನಪಾಗಿ ನಕಲು ಮಾಡಿದರೆ ಎರಡರಲ್ಲೂ ಈ ವಾರದ್ದೇ ಇರುತ್ತದೆ. ಅದಕ್ಕೇ ತಾನಾಗಿ ಉಳಿಸುವ ಸಾಫ್ಟ್‌ವೇರ್ ಹಳೇ ರೂಪಗಳನ್ನೂ ಜೋಪಾನ ಮಾಡಲೇಬೇಕು. ಗೂಗಲ್ ಡಾಕ್ಸ್‌ನ ಫೈಲ್ ಮೆನುವಿನಲ್ಲಿ ‘ವರ್ಷನ್ ಹಿಸ್ಟರಿ’ ಇರುವುದು ಇದಕ್ಕಾಗಿ. ನಿನ್ನೆ ಹೇಗಿತ್ತೋ ಹಾಗೆ ನೋಡಬಹುದು, ವಾಪಸ್ ತರಬಹುದು. ನಿಮ್ಮ ಫೈಲ್ ಅಲ್ಲಿದ್ದು ಹೀಗೆ ಅಳಿಸಿಹೋಗಿದ್ದರೆ ಮೊದಲು ಅಲ್ಲಿ ನೋಡಿ. ಬೇರೆ ಕಡೆ ಇದ್ದರೆ, ತಿದ್ದುವ ಮೊದಲೇ ನಕಲು ಮಾಡಿಕೊಳ್ಳುವುದು ಕ್ಷೇಮ.

ಎಲ್ಲಿದೆ ಅಂದರೆ, ಯಾರು ಕಳಿಸಿದ್ದು ಅಂತಾರೆ

ಫೋನಿನಲ್ಲಿ ಕಷ್ಟ ಬೇರೆ ಥರದ್ದು. ಅಲ್ಲಿ ಸೇವ್ ತೊಂದರೆ ಕಡಿಮೆ. ‘ಎಲ್ಲಿದೆ’ ಅನ್ನುವುದೇ ತೊಂದರೆ.

ಪಹಣಿಯನ್ನು ಜಾಲತಾಣದಿಂದ ಇಳಿಸಿಕೊಂಡಿರಿ. ಅದು ‘ಡೌನ್‌ಲೋಡ್ಸ್’ ಅನ್ನುವ ಫೋಲ್ಡರಿಗೆ ಹೋಯಿತು, ಹೆಸರು ಬರೀ ಅಂಕಿಗಳ ಸಾಲು. ಮಗ ಬೆಂಗಳೂರಿನಿಂದ ಅದನ್ನೇ ವಾಟ್ಸ್ಆ್ಯಪ್ ಮಾಡಿದ. ಅದು ವಾಟ್ಸ್ಆ್ಯಪ್‌ನ ಸ್ವಂತ ಫೋಲ್ಡರಿಗೆ ಹೋಯಿತು. ನೀವು ಕಾಗದದ ಫೋಟೊ ತೆಗೆದಿರಿ. ಅದು ಗ್ಯಾಲರಿಗೆ ಹೋಯಿತು. ಯಂತ್ರದ ಲೆಕ್ಕದಲ್ಲಿ ಮೂರು ಜಾಗ, ಮೂರು ಫೈಲು. ನಿಮ್ಮ ಲೆಕ್ಕದಲ್ಲಿ ಒಂದೇ, ‘ನಮ್ಮ ಪಹಣಿ’.

ಮೊನ್ನೆ ಸೈಬರ್ ಅಂಗಡಿಯಲ್ಲಿ ಒಬ್ಬ ಅಜ್ಜಿ ಪಕ್ಕದಲ್ಲಿ ಕೂತಿದ್ದರು. ಅಂಗಡಿ ಹುಡುಗಿ “ಫೈಲ್ ಎಲ್ಲಿದೆ ಅಜ್ಜಿ?” ಅಂತ ಕೇಳಿದಳು. ಅಜ್ಜಿ, “ಶಿವರಾತ್ರಿ ಹೊತ್ತಲ್ಲಿ ನನ್ನ ಮೊಮ್ಮಗ ಕಳಿಸಿದ್ನಲ್ಲ, ಅದು” ಅಂದರು. ಸರಿಯಾದ ಉತ್ತರವೇ! ಯಾರು, ಯಾವಾಗ, ಯಾತಕ್ಕೆ ಅನ್ನುವುದು ಜನರ ನೆನಪಿನ ದಾರಿ. ಫೋಲ್ಡರ್ ಒಳಗೆ ಫೋಲ್ಡರ್ ಅನ್ನುವುದು ಡಿಸ್ಕಿನ ದಾರಿ.

2007ರಲ್ಲಿ ಐಫೋನ್ ಬಂದಾಗ ಅದರಲ್ಲಿ ಫೈಲ್ ನೋಡುವ ಆ್ಯಪ್ ಇರಲೇ ಇಲ್ಲ. ಫೋಟೊ ಫೋಟೊದಲ್ಲಿ, ಹಾಡು ಹಾಡಿನಲ್ಲಿ. ಜನರಿಗೆ ಫೈಲಿನ ಗೋಜೇ ಬೇಡ ಅಂದುಕೊಂಡಿದ್ದರು. ಆದರೆ ಒಂದೇ ಕಾಗದ ನಾಲ್ಕು ಆ್ಯಪ್‌ಗಳಿಗೆ ಬೇಕಾದಾಗ ಕಷ್ಟವಾಯಿತು. 2017ರಲ್ಲಿ ‘ಫೈಲ್ಸ್’ ಆ್ಯಪ್ ಕೊಟ್ಟರು. ಪೂರ್ತಿ ಬಚ್ಚಿಟ್ಟರೂ ಆಗುವುದಿಲ್ಲ ಅನ್ನುವುದು ಇದರಿಂದ ತಿಳಿಯುತ್ತದೆ. ಒಳ್ಳೆಯ ಮೆನು ‘ಇತ್ತೀಚೆಗೆ ನೋಡಿದ್ದು’, ‘ಇವರು ಕಳಿಸಿದ್ದು’ ಅಂತ ಮೊದಲು ತೋರಿಸಿ, ಫೋಲ್ಡರನ್ನು ಆಮೇಲೆ ತೋರಿಸುತ್ತದೆ.

ಕಳಿಸುವುದರಲ್ಲೂ ಎರಡು ಬಗೆ ಇದೆ, ಗಮನಿಸಿ. ವಾಟ್ಸ್ಆ್ಯಪ್‌ನಲ್ಲಿ ಫೈಲ್ ಕಳಿಸಿದರೆ ಜೆರಾಕ್ಸ್ ಕೊಟ್ಟ ಹಾಗೆ. ಆಮೇಲೆ ನೀವು ತಿದ್ದಿದ್ದು ಅವರ ಹತ್ತಿರ ಹೋಗುವುದಿಲ್ಲ. ಲಿಂಕ್ ಕಳಿಸಿದರೆ ಒಂದೇ ಪುಸ್ತಕವನ್ನು ಇಬ್ಬರೂ ನೋಡಿದ ಹಾಗೆ, ನೀವು ಇಲ್ಲಿ ಬರೆದದ್ದು ಅವರಿಗೂ ಕಾಣುತ್ತದೆ. ಎರಡಕ್ಕೂ ‘ಹಂಚಿಕೊಳ್ಳಿ’ ಅನ್ನುವ ಒಂದೇ ಪದ ಇಟ್ಟರೆ ಗೊಂದಲ ಆಗದೆ ಇರುತ್ತದೆಯೇ?

ಕಣದ ಕಟ್ಟೆ ಮೇಲೆ ಚೀಟಿ ಹರಡಿ

ಜನ ಹೇಗೆ ಯೋಚಿಸುತ್ತಾರೆ ಅಂತ ತಿಳಿಯಲು ವಿನ್ಯಾಸದವರ ಹತ್ತಿರ ಒಂದು ಸರಳ ದಾರಿ ಇದೆ. ಕಾರ್ಡ್ ಸಾರ್ಟಿಂಗ್ ಅನ್ನುತ್ತಾರೆ. ಮೆನುವಿನ ಒಂದೊಂದು ಕೆಲಸವನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಬಳಸುವವರ ಕೈಗೆ ಕೊಟ್ಟು, “ಇದರಲ್ಲಿ ಯಾವುದು ಯಾವುದರ ಜೊತೆ ಸೇರುತ್ತೆ? ನೀವೇ ಗುಂಪು ಮಾಡಿ, ಗುಂಪಿಗೆ ನೀವೇ ಹೆಸರಿಡಿ” ಅನ್ನುವುದು. ನಡುವೆ ಬಾಯಿ ಹಾಕಬಾರದು. ಅದೇ ಕಷ್ಟ.

ಫೆಬ್ರುವರಿಯಲ್ಲಿ ಅದೇ ತೋಟದ ಕಣದ ಕಟ್ಟೆ ಮೇಲೆ ಕೂತೆವು. ರೈಟರು, ತೋಟದ ಯಜಮಾನರ ಸೊಸೆ, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ ಒಬ್ಬರು ಹೆಣ್ಣುಮಗಳು. ಗಾಳಿಗೆ ಹಾರದಿರಲಿ ಅಂತ ಚೀಟಿಗಳ ಮೇಲೆ ಸಣ್ಣ ಕಲ್ಲಿಟ್ಟರು. ಪಕ್ಕದಲ್ಲಿ ಒಬ್ಬರು ಒಣಗಲು ಹಾಕಿದ ಕಾಫಿ ಚೆರ್ರಿ ಕಾಲಿನಲ್ಲಿ ಕದಡುತ್ತಾ ಹೋಗುತ್ತಿದ್ದರು.

‘ಪ್ರಿಂಟ್’, ‘ವಾಟ್ಸ್ಆ್ಯಪ್ ಮಾಡು’, ‘ಪಿಡಿಎಫ್ ಮಾಡು’, ಈ ಮೂರನ್ನೂ ಮೂವರೂ ಒಟ್ಟಿಗೆ ಇಟ್ಟರು. “ಇವೆಲ್ಲ ಕೊಡೋದು” ಅಂದರು ಸೊಸೆ. ನನ್ನ ಮೆನುವಿನಲ್ಲಿ ಇವು ಮೂರು ಕಡೆ ಚದುರಿದ್ದವು. ‘ಸೇವ್’ ಚೀಟಿಯನ್ನು ರೈಟರು ತುಂಬಾ ಹೊತ್ತು ಕೈಯಲ್ಲೇ ಹಿಡಿದಿದ್ದರು. ಕೊನೆಗೆ ‘ಮುಗಿಸೋದು’ ಅನ್ನುವ ಗುಂಪಿಗೆ ಹಾಕಿದರು. ಅವರಿಗೆ ಸೇವ್ ಅಂದರೆ ಇವತ್ತಿನ ಕೆಲಸ ಆಯಿತು, ಪುಸ್ತಕ ಮುಚ್ಚಿದೆ ಅಂತ. ‘ಸೇವ್ ಆ್ಯಸ್’ ಚೀಟಿ ಯಾವ ಗುಂಪಿಗೂ ಸೇರದೆ ಒಂದೇ ಉಳಿಯಿತು. ಸಂಘದ ಹೆಣ್ಣುಮಗಳು ನಾನು ಬರೆಯದೇ ಇದ್ದ ಚೀಟಿ ಕೇಳಿದರು. “ಹೋದ ವರ್ಷದ್ದು ತೆಗೆದು ನೋಡೋದಕ್ಕೆ ಚೀಟಿ ಎಲ್ಲಿ?”

‘ಎಕ್ಸ್‌ಪೋರ್ಟ್’ ಚೀಟಿಗೆ ನಾನು ಕನ್ನಡದಲ್ಲಿ ‘ರಫ್ತು’ ಅಂತ ಬರೆದಿದ್ದೆ. ಕನ್ನಡ ಮೆನುಗಳಲ್ಲಿ ಹಾಗೇ ಇರುತ್ತದೆ. ಕಾಫಿ ಸೀಮೆಯಲ್ಲಿ ರಫ್ತು ಅಂದರೆ ಒಂದೇ ಅರ್ಥ, ಮಂಗಳೂರಿನ ಬಂದರಿನಿಂದ ಹಡಗು ಹತ್ತುವ ಮೂಟೆ. ಸೊಸೆ ಅದನ್ನು ಓದಿ, “ಇದು ನಮಗಲ್ಲ, ನಾವು ಇಲ್ಲೇ ಮಾರೋದು” ಅಂತ ಬದಿಗಿಟ್ಟರು. ಪದ ನಿಘಂಟಿನಲ್ಲಿ ಸರಿ ಇದ್ದರೆ ಸಾಲದು, ಓದುವವರ ಬದುಕಿನಲ್ಲೂ ಸರಿ ಕೂರಬೇಕು.

ಈಗ ಮೆನು ಹೇಗಿದೆ

ಮೊದಲ ಸಾಲು ‘ಹೊಸ ವಾರ ಶುರು ಮಾಡಿ’. ಒತ್ತಿದರೆ ಹೋದ ವಾರದ ಹೆಸರುಗಳು ಬರುತ್ತವೆ, ಕಿಲೋ ಖಾಲಿ ಇರುತ್ತದೆ. ಎರಡನೆಯದು ‘ಹಳೇ ವಾರ ನೋಡಿ’. ಮೂರನೆಯದು ‘ಕೊಡಿ’, ಅದರೊಳಗೆ ಪ್ರಿಂಟ್, ವಾಟ್ಸ್ಆ್ಯಪ್, ಪಿಡಿಎಫ್. ಸೇವ್ ತೆಗೆದಿದ್ದೇನೆ. ಅದರ ಬದಲು ಕೆಳಗೆ ಒಂದು ಸಾಲು ಕಾಣುತ್ತದೆ, ‘6.40ಕ್ಕೆ ಉಳಿದಿದೆ’ ಅಂತ. ಸೇವ್ ಮಾಡಲು ಕೀಬೋರ್ಡಿನಲ್ಲಿ ಕಂಟ್ರೋಲ್ ಎಸ್ ಒತ್ತಿ ರೂಢಿಯಾದವರ ಕೈ ಸುಮ್ನೆ ಇರುವುದಿಲ್ಲ. ಅವರು ಒತ್ತಿದರೂ ಅದೇ ಸಾಲು ಮಿನುಗುತ್ತದೆ. ಹಿಂದಿನ ರೂಪಗಳೂ ಒಳಗೆ ಜೋಪಾನವಾಗಿರುತ್ತವೆ.

ಇದು ಎಲ್ಲ ಸಾಫ್ಟ್‌ವೇರಿಗೂ ಆಗುವ ಮಾತಲ್ಲ. ನನ್ನದು ಬಟವಾಡೆಗೆ ಅಂತಲೇ ಮಾಡಿದ್ದು, ವಾರ ಅಂದರೇನು ಅಂತ ಅದಕ್ಕೆ ಗೊತ್ತು. ಪತ್ರ, ಮದುವೆ ಕರೆಯೋಲೆ, ಪರೀಕ್ಷೆ ಪ್ರಶ್ನೆಪತ್ರಿಕೆ ಎಲ್ಲಕ್ಕೂ ಒಂದೇ ಆಗಿರುವ ಸಾಫ್ಟ್‌ವೇರಿಗೆ ಅದು ಗೊತ್ತಾಗುವುದಿಲ್ಲ. ಅಲ್ಲಿ ಎಲ್ಲರಿಗೂ ಹೊಂದುವ ಪದಗಳೇ ಬೇಕು. ಫೈಲ್ ಮೆನು ಇಷ್ಟು ವರ್ಷ ಬಾಳಿದ್ದಕ್ಕೆ ಇದೂ ಒಂದು ಕಾರಣ.

ಹೊಸ ಮೆನು ಹಾಕಿಕೊಟ್ಟ ಮೇಲೆ ಎರಡು ಬಟವಾಡೆ ಕಳೆಯಿತು. ಮೂರನೇ ಶನಿವಾರ ರೈಟರ ಫೋನ್ ಬಂತು.

“ಎಲ್ಲ ಚೆನ್ನಾಗಿದೆ ಸಾರ್. ಒಂದೇ ಒಂದು. ದುಡ್ಡು ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆ ಪುಸ್ತಕದಲ್ಲಿ ಆ ಪುಟ ಯಾರೂ ಮುಟ್ಟಲ್ಲ, ನಾನೂ ಮುಟ್ಟಲ್ಲ. ಇದರಲ್ಲಿ ಈಗಲೂ ತಿದ್ದಬಹುದು.”

ಅವರು ಹೇಳಿದ್ದು ನನ್ನ ಯಾವ ಚೀಟಿಯಲ್ಲೂ ಇರಲಿಲ್ಲ. ಮೆನುವಿನ ನಾಲ್ಕನೇ ಸಾಲು ಈಗ ‘ಬಟವಾಡೆ ಆಯ್ತು’. ಒತ್ತಿದರೆ ಆ ವಾರದ ಕಿಲೋ, ದರ, ಕೊಟ್ಟ ದುಡ್ಡು ಎಲ್ಲ ಅಲ್ಲಿಗೇ ನಿಲ್ಲುತ್ತದೆ. ತಪ್ಪು ಕಂಡರೆ ಪಕ್ಕದಲ್ಲಿ ಷರಾ ಬರೆಯಬಹುದು, ಅಂಕಿ ತಿದ್ದಲು ಬರುವುದಿಲ್ಲ.